ಸಹಿ ನನ್ನದು, ದರ್ಬಾರು ಮೈದುನನದು: ಈಗ ಆಡಿಟ್ ಪತ್ರ ಬಂದಿದೆ

ಪ್ರಶ್ನೆ: "ಮೇಡಂ, ನನಗೆ 34 ವರ್ಷ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ನಮ್ಮ ವಾರ್ಡು ಹಿಂದುಳಿದ ವರ್ಗದ ಮಹಿಳೆಗೆ ಮೀಸಲಾಯಿತು ಅಂತ ಮನೆಯವರೇ ನನ್ನನ್ನು ಚುನಾವಣೆಗೆ ನಿಲ್ಲಿಸಿದರು. ಆಮೇಲೆ ಅಧ್ಯಕ್ಷ ಸ್ಥಾನವೂ ಮಹಿಳೆಗೇ ಬಂತು, ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾದೆ. ಆದರೆ ಪಂಚಾಯಿತಿ ನಡೆಸುವುದು ಮೈದುನ. ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಅವನು ಕಂಟ್ರಾಕ್ಟ್ ಕೆಲಸ ಮಾಡುತ್ತಾನೆ, ಪಂಚಾಯಿತಿ ಕೆಲಸವನ್ನೂ ಮಾಡಿಸುತ್ತಾನೆ, ಬಿಲ್ಲು ಮಾತ್ರ ಸ್ನೇಹಿತನ ಹೆಸರಿನಲ್ಲಿ. ಫೈಲು ಮನೆಗೇ ಬರುತ್ತದೆ, ತೋರಿಸಿದ ಕಡೆ ಸಹಿ ಹಾಕುತ್ತೇನೆ. ನನ್ನ ಡೋಂಗಲ್, ಪಾಸ್‌ವರ್ಡ್ ಎಲ್ಲ ಅವನ ಹತ್ತಿರ ಇದೆ. ಹೋದ ವಾರ ಆಡಿಟ್ ಆಕ್ಷೇಪಣೆ ಬಂದಿದೆ. ಒಂದು ಚರಂಡಿಗೆ ಎರಡು ಸಲ ಬಿಲ್ಲಾಗಿದೆಯಂತೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) 'ಅಧ್ಯಕ್ಷರೇ ಸಹಿ ಹಾಕಿದ್ದಾರಲ್ಲ' ಅಂತಾರೆ. ಮೈದುನ 'ಏನೂ ಆಗಲ್ಲ ಬಿಡಿ ಅತ್ತಿಗೆ' ಅಂತಾನೆ. ನನ್ನ ಗಂಡ ಮಾತೇ ಆಡುವುದಿಲ್ಲ. ನಾನು ಜೈಲಿಗೆ ಹೋಗಬೇಕಾಗುತ್ತದಾ? ನನಗೆ ಗೊತ್ತಿರಲಿಲ್ಲ ಅಂದರೆ ಒಪ್ಪುತ್ತಾರಾ? ದೂರು ಕೊಟ್ಟರೆ, ಮನೆಯವರಿಗೆ ಅಧಿಕಾರ ಬಿಟ್ಟುಕೊಟ್ಟೆ ಅಂತ ನನ್ನ ಸದಸ್ಯತ್ವವೇ ಹೋಗುತ್ತದಂತೆ, ನಿಜವಾ? ರಾಜೀನಾಮೆ ಕೊಟ್ಟರೆ ಬಚಾವಾಗಬಹುದಾ? ಊರಲ್ಲಿ ಒಬ್ಬರು 'ಈ ಮೀಸಲಾತಿ ದೆಹಲಿಯ ಹೆಂಗಸರು ಎಸಿ ರೂಮಲ್ಲಿ ಕೂತು ಮಾಡಿದ್ದು, ಹಳ್ಳಿಗೆ ಒಗ್ಗಲ್ಲ' ಅಂದರು. ನನಗೂ ಹಾಗೇ ಅನ್ನಿಸುತ್ತಿದೆ."

ಉತ್ತರ: ಮೊದಲು ಒಂದು ಲೋಟ ನೀರು ಕುಡಿಯಿರಿ. ನಿಮಗೆ ಬಂದಿರುವುದು ಆಡಿಟ್ ಆಕ್ಷೇಪಣೆ. ಅದು ಎಫ್‌ಐಆರ್ ಅಲ್ಲ, ಕೋರ್ಟ್ ಸಮನ್ಸೂ ಅಲ್ಲ. ಲೆಕ್ಕ ನೋಡಿದವರು "ಇದು ನಮಗೆ ತಾಳೆಯಾಗಲಿಲ್ಲ, ವಿವರಣೆ ಕೊಡಿ" ಅಂತ ಕೇಳಿದ್ದಾರೆ. ಆಡಿಟ್ ಆದ ಪಂಚಾಯಿತಿಗಳಲ್ಲಿ ಇಂಥ ಕಂಡಿಕೆಗಳು (ಆಡಿಟ್ ವರದಿಯ ಒಂದೊಂದು ಆಕ್ಷೇಪಣೆ) ಇದ್ದೇ ಇರುತ್ತವೆ. ಅದಕ್ಕೆ ಅನುಪಾಲನಾ ವರದಿ ಅಂತ ಒಂದು ಉತ್ತರ ಹೋಗಬೇಕು. ಆ ಉತ್ತರ ಸರಿಯಾಗಿದ್ದರೆ ಕಂಡಿಕೆ ಅಲ್ಲಿಗೇ ಮುಗಿಯುತ್ತದೆ. ಸರಿಯಿಲ್ಲದಿದ್ದರೆ ಹಣ ವಸೂಲಿಯ ಮಾತು ಬರುತ್ತದೆ. ಬೇಕೆಂದೇ ಮೋಸ ಮಾಡಿದ್ದಾರೆ ಅಂತ ಕಂಡರೆ ಮಾತ್ರ ಕ್ರಿಮಿನಲ್ ಕೇಸಿನ ದಾರಿ. ಹೆಚ್ಚಿನವರು ಈ ಮೂರನ್ನೂ ಒಂದೇ ಅಂದುಕೊಂಡು ಹೆದರುತ್ತಾರೆ. ಆ ಹೆದರಿಕೆಯಲ್ಲಿ ಯಾರೋ ಬರೆದುಕೊಟ್ಟ ಉತ್ತರಕ್ಕೂ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ನಿಜವಾದ ತೊಂದರೆ ಶುರುವಾಗುವುದು ಅಲ್ಲಿಂದ.

ಎರಡು ಸಲ ಬಿಲ್ಲಾಗಿದೆ ಅನ್ನುವುದೂ ಇನ್ನೂ ಸಾಬೀತಾಗಿಲ್ಲ. ನಮ್ಮ ಪಂಚಾಯಿತಿಗಳಲ್ಲಿ ಕೆಲಸಕ್ಕೆ ಹೆಸರಿಡುವ ರೀತಿ ನಿಮಗೆ ಗೊತ್ತೇ ಇದೆ. "ಇಂಥವರ ಮನೆಯಿಂದ ಅಂಥವರ ಮನೆವರೆಗೆ ಚರಂಡಿ" ಅಂತ ಬರೆಯುತ್ತಾರೆ. ಅದೇ ಚರಂಡಿಯ ಇನ್ನೊಂದು ತುಂಡಿಗೂ ಅದೇ ಹೆಸರು ಬಿದ್ದಿರುತ್ತದೆ. ಒಂದು ತುಂಡು ನರೇಗಾದಲ್ಲಿ ಆಗಿರುತ್ತದೆ, ಇನ್ನೊಂದು ಹಣಕಾಸು ಆಯೋಗದ ಅನುದಾನದಲ್ಲಿ. ಆಡಿಟ್‌ನವರ ಕಣ್ಣಿಗೆ ಎರಡೂ ಒಂದೇ. ಅಥವಾ ನಿಜವಾಗಿಯೂ ಒಂದೇ ಚರಂಡಿಗೆ ಎರಡು ಬಿಲ್ಲು ಎತ್ತಿರಬಹುದು. ಯಾವುದು ಅಂತ ತಿಳಿಯಬೇಕಾದರೆ ನೀವು ನೋಡಬೇಕಾದದ್ದು ಎರಡೂ ಕೆಲಸದ ಅಂದಾಜು ಪಟ್ಟಿ, ಎಂಜಿನಿಯರ್ ಬರೆದ ಅಳತೆ ಪುಸ್ತಕ (ಎಂಬಿ ಅಂತಾರಲ್ಲ, ಅದೇ), ಬಿಲ್ಲು, ಫೋಟೋ. ಅಳತೆ ಪುಸ್ತಕದಲ್ಲಿ ಎಲ್ಲಿಂದ ಎಲ್ಲಿಗೆ ಎಷ್ಟು ಮೀಟರ್ ಅಂತ ಇರುತ್ತದೆ. ಟೇಪ್ ಹಿಡಿದು ಬೀದಿಯಲ್ಲಿ ಅಳೆದರೆ ಅರ್ಧ ಗಂಟೆಯ ಕೆಲಸ. ನೀವೇ ನಿಂತು ಅಳೆಸಿ, ಇಬ್ಬರು ಸದಸ್ಯರನ್ನು ಕರೆದುಕೊಂಡು ಹೋಗಿ.

ಇನ್ನು "ನನಗೆ ಗೊತ್ತಿರಲಿಲ್ಲ" ಅನ್ನುವ ಮಾತು. ಇದಕ್ಕೆ ಎರಡು ಉತ್ತರ ಇದೆ. ಕ್ರಿಮಿನಲ್ ಕೇಸಿನಲ್ಲಿ ಅಪ್ರಾಮಾಣಿಕ ಉದ್ದೇಶ ಇತ್ತಾ ಅನ್ನುವುದು ಮುಖ್ಯ, ಹಾಗಾಗಿ ಅಲ್ಲಿ ಈ ಮಾತಿಗೆ ಸ್ವಲ್ಪ ತೂಕ ಇದೆ. ಹಣ ವಸೂಲಿಯಲ್ಲಿ ಮತ್ತು ಕರ್ತವ್ಯಲೋಪದ ವಿಚಾರಣೆಯಲ್ಲಿ ತೂಕ ತೀರಾ ಕಡಿಮೆ. ಯಾಕೆಂದರೆ ಅಲ್ಲಿ ಕೇಳುವ ಪ್ರಶ್ನೆ "ನೀವು ಕದ್ದಿರಾ?" ಅಂತ ಅಲ್ಲ, "ನೋಡಬೇಕಾದವರು ನೀವು, ಯಾಕೆ ನೋಡಲಿಲ್ಲ?" ಅಂತ. ಸರ್ಕಾರಕ್ಕೆ ಕಾಣುವುದು ಕಾಗದ ಮಾತ್ರ. ನಿಮ್ಮ ಮನೆಯ ಜಗಲಿಯಲ್ಲಿ ಯಾರು ಯಾರಿಗೆ ಪೆನ್ನು ಕೊಟ್ಟರು ಅನ್ನುವುದು ಅದಕ್ಕೆ ಕಾಣುವುದಿಲ್ಲ. ಮೈದುನ ಕಾಗದದಲ್ಲಿ ಎಲ್ಲೂ ಇಲ್ಲ, ಇರುವುದು ನೀವು ಮತ್ತು ಪಿಡಿಒ.

ವರ್ಷಗಟ್ಟಲೆ ಗೆದ್ದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟಿದ್ದೇನೆ, ಈಗ ಪಂಚಾಯಿತಿ ಕೇಸುಗಳನ್ನೇ ನೋಡುತ್ತೇನೆ. ಮನೆಗೆ ಬರುವ ಫೈಲು ಹೇಗಿರುತ್ತದೆ ಅಂತ ಚೆನ್ನಾಗಿ ಗೊತ್ತು. ಸಹಿ ಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಸಣ್ಣ ಟಿಕ್ ಹಾಕಿರುತ್ತಾರೆ. ಮೇಲಿನ ಹಾಳೆ ಮಡಚಿ, ಕೆಳಗಿನ ತುದಿ ಮಾತ್ರ ಕಾಣುವ ಹಾಗೆ ಹಿಡಿದಿರುತ್ತಾರೆ. ಒಲೆ ಮೇಲೆ ಸಾರು ಕುದಿಯುತ್ತಿರುತ್ತದೆ, ಮಗು ಅಳುತ್ತಿರುತ್ತದೆ, ಇಪ್ಪತ್ತು ಸಹಿ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಸಭೆಯ ನಿರ್ಣಯಗಳನ್ನು, ಅಂದರೆ ಠರಾವುಗಳನ್ನು, ಬರೆಯುವ ನಡಾವಳಿ ಪುಸ್ತಕ ಇನ್ನೂ ಸೊಗಸು. ಕೊನೆಯ ಠರಾವಿಗೂ ನಿಮ್ಮ ಸಹಿಗೂ ನಡುವೆ ನಾಲ್ಕೈದು ಗೆರೆ ಖಾಲಿ ಬಿಟ್ಟಿರುತ್ತಾರೆ. ಸಭೆ ಮುಗಿದ ಮೇಲೆ ಅಲ್ಲಿ ಇನ್ನೊಂದು ಠರಾವು ಹುಟ್ಟಿಕೊಳ್ಳುತ್ತದೆ. ನಿಮ್ಮ ಪಂಚಾಯಿತಿಯ ಹಳೆಯ ನಡಾವಳಿ ತೆಗೆದು ನೋಡಿ. ಕೊನೆಯ ಠರಾವಿನ ಅಕ್ಷರ ಮೇಲಿನದಕ್ಕಿಂತ ಚಿಕ್ಕದಾಗಿ, ಒತ್ತೊತ್ತಾಗಿ ಇದ್ದರೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ಡೋಂಗಲ್ ವಿಷಯ ಇದಕ್ಕಿಂತ ಗಂಭೀರ. ಅದು ನಿಮ್ಮ ಡಿಜಿಟಲ್ ಸಹಿ. ಕೈಯಿಂದ ಹಾಕಿದ ಸಹಿಯಾದರೆ ನಕಲಿ ಅಂತ ವಾದಿಸಬಹುದು, ಇದರಲ್ಲಿ ಆ ವಾದಕ್ಕೆ ಜಾಗ ಕಡಿಮೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೇ ಕಲಂ ಪ್ರಕಾರ ಅದನ್ನು ಜೋಪಾನ ಮಾಡುವ ಹೊಣೆ ಸಹಿ ಯಾರ ಹೆಸರಲ್ಲಿದೆಯೋ ಅವರದೇ. ಕೈತಪ್ಪಿ ಬೇರೆಯವರಿಗೆ ಹೋಯಿತು ಅಂತ ಗೊತ್ತಾದ ಕೂಡಲೇ ತಿಳಿಸಬೇಕು. ಅದೇ ಕಾಯಿದೆಯ 66ಸಿ ಕಲಂ, ಬೇರೆಯವರ ಎಲೆಕ್ಟ್ರಾನಿಕ್ ಸಹಿಯನ್ನೋ ಪಾಸ್‌ವರ್ಡನ್ನೋ ಮೋಸದಿಂದ ಬಳಸಿದವರಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅನ್ನುತ್ತದೆ. ಅಂದರೆ ಕಾನೂನು ನಿಮ್ಮ ಮೈದುನನನ್ನೂ ಮುಟ್ಟಬಲ್ಲದು, ಆದರೆ ನೀವು ಸುಮ್ಮನಿದ್ದಷ್ಟೂ ದಿನ "ಇವರೇ ಒಪ್ಪಿ ಕೊಟ್ಟಿದ್ದು" ಅನ್ನುವ ವಾದ ಗಟ್ಟಿಯಾಗುತ್ತಾ ಹೋಗುತ್ತದೆ.

ನೀವು ಕೇಳದೇ ಇರುವ ಒಂದು ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದೆ. ಮೈದುನ ಪಂಚಾಯಿತಿ ಕೆಲಸ ಮಾಡಿಸುತ್ತಾನೆ, ಬಿಲ್ಲು ಸ್ನೇಹಿತನ ಹೆಸರಲ್ಲಿ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯಲ್ಲಿ, ಪಂಚಾಯಿತಿ ಕೆಲಸದಲ್ಲಿ ಸದಸ್ಯರಿಗೆ ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಪಾಲಿದ್ದರೆ ಸದಸ್ಯತ್ವಕ್ಕೇ ಕುತ್ತು. ಒಂದೇ ಮನೆ, ಒಂದೇ ಒಲೆ, ಆ ಕಂಟ್ರಾಕ್ಟಿನ ದುಡ್ಡು ಮನೆ ಖರ್ಚಿಗೆ ಬರುತ್ತದೆ ಅಂತ ಯಾರಾದರೂ ತೋರಿಸಿಬಿಟ್ಟರೆ ನೀವು ಕಷ್ಟಕ್ಕೆ ಸಿಕ್ಕಿಬೀಳುತ್ತೀರಿ. ಆ ಚರಂಡಿ ಕೆಲಸವನ್ನೂ ಅವನೇ ಮಾಡಿಸಿದ್ದರೆ ಈಗಲೇ ಒಬ್ಬ ವಕೀಲರನ್ನು ನೋಡಿ. ಮೈದುನ ಗೊತ್ತು ಮಾಡಿದ ವಕೀಲರು ಬೇಡ. ಇವತ್ತು ನಿಮ್ಮಿಬ್ಬರ ಹಿತ ಒಂದೇ ಅಲ್ಲ.

ಸದಸ್ಯತ್ವ ಹೋಗುತ್ತದಂತೆ ಅನ್ನುವ ಮಾತಿಗೆ ಬರೋಣ. ಇದರಲ್ಲಿ ಅರ್ಧ ನಿಜ ಇದೆ. ಗಂಡಂದಿರು, ಮೈದುನಂದಿರು ಕಚೇರಿಯಲ್ಲಿ ಕೂತು ದರ್ಬಾರು ಮಾಡಬಾರದು ಅಂತ ಸರ್ಕಾರದವರು ಹೇಳುತ್ತಲೇ ಬಂದಿದ್ದಾರೆ. ಸುಪ್ರೀಂ ಕೋರ್ಟ್ ಮುಂದೆ ಈ ವಿಷಯ ಬಂದ ಮೇಲೆ, 2023ರಲ್ಲಿ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಒಂದು ಸಮಿತಿ ಮಾಡಿತು. ಅದರ ವರದಿ 2025ರಲ್ಲಿ ಬಂತು. ತರಬೇತಿ, ಸಹಾಯವಾಣಿ ಎಲ್ಲದರ ಜೊತೆಗೆ, ಹೆಂಗಸರ ಬದಲು ಗಂಡಸರು ಅಧಿಕಾರ ನಡೆಸುವುದು ಸಾಬೀತಾದರೆ ಕಠಿಣ ದಂಡನೆ ಇರಬೇಕು ಅಂತಲೂ ಅದು ಹೇಳಿತು. ಕೇಳಲು ಚೆನ್ನಾಗಿದೆ. ಆದರೆ ದಂಡನೆ ಯಾರಿಗೆ ಬೀಳುತ್ತದೆ ಅನ್ನುವುದನ್ನು ಯೋಚಿಸಿ. ಮೈದುನನಿಗೆ ಹುದ್ದೆ ಇಲ್ಲ, ಕಿತ್ತುಕೊಳ್ಳಲು ಅವನ ಹತ್ತಿರ ಏನೂ ಇಲ್ಲ. ಹುದ್ದೆ ಇರುವುದು ಹೆಂಗಸಿಗೆ, ನೋಟಿಸು ಹೋಗುವುದೂ ಅವಳಿಗೆ. ಹೆಂಗಸರಿಗೆ ಅಧಿಕಾರ ಸಿಗಲಿ ಅಂತ ಮಾಡುವ ನಿಯಮ ಅವಳ ಅಧಿಕಾರವನ್ನೇ ಮೊದಲು ಕಿತ್ತುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ, ಇದನ್ನು ತರಬೇತಿಗಳಲ್ಲೂ ಹೇಳಿದ್ದೇನೆ.

ಆದರೂ, ದೂರು ಕೊಟ್ಟ ಮಾತ್ರಕ್ಕೆ ಸದಸ್ಯತ್ವ ಹೋಗುವುದಿಲ್ಲ. ತೆಗೆಯಬೇಕಾದರೆ ದುರ್ನಡತೆಯ ಆರೋಪ ಇರಬೇಕು, ವಿಚಾರಣೆ ನಡೆಯಬೇಕು, ನಿಮ್ಮ ಮಾತು ಕೇಳಬೇಕು. ಆ ವಿಚಾರಣೆಯಲ್ಲಿ ನಿಮ್ಮ ಪರವಾಗಿ ಮಾತಾಡುವುದು ಒಂದೇ: ಬೇರೆಯವರು ಹೇಳುವ ಮೊದಲೇ ನೀವು ಬರೆದು ಕೊಟ್ಟ ಕಾಗದ. ಹೀಗಾಗಿ ದೂರು ಕೊಟ್ಟರೆ ಸದಸ್ಯತ್ವ ಹೋಗುತ್ತದೆ ಅನ್ನುವವರು ವಿಷಯವನ್ನು ತಲೆಕೆಳಗು ಮಾಡಿ ಹೇಳುತ್ತಿದ್ದಾರೆ. ಯಾರು ಹಾಗೆ ಹೇಳಿದ್ದು ಅಂತ ನೀವು ಬರೆದಿಲ್ಲ. ಬರೆಯದಿದ್ದರೂ ಊಹಿಸಬಹುದು ಬಿಡಿ.

ನ್ಯಾಯಾಲಯಗಳೂ ಈಚೆಗೆ ಈ ವಿಷಯದಲ್ಲಿ ಕಣ್ಣು ತೆರೆದಿವೆ. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ವಿಚಖೇಡಾ ಗ್ರಾಮದ ಸರಪಂಚೆಯನ್ನು (ಅಲ್ಲಿ ಪಂಚಾಯಿತಿ ಮುಖ್ಯಸ್ಥೆ), ಸರ್ಕಾರಿ ಜಾಗದಲ್ಲಿ ವಾಸ ಇದ್ದಾರೆ ಅನ್ನುವ ದೂರಿನ ಮೇಲೆ ತೆಗೆದಿದ್ದರು. 2024ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಹೆಣ್ಣೊಬ್ಬಳು ಸರಪಂಚೆಯಾಗಿದ್ದನ್ನು ಊರವರಿಗೆ ಅರಗಿಸಿಕೊಳ್ಳಲು ಆಗಲಿಲ್ಲ, ಅಧಿಕಾರಿಗಳು ಸರಿಯಾಗಿ ಪರಿಶೀಲಿಸದೆ ಅದಕ್ಕೆ ಮಣಿದರು ಅನ್ನುವ ಅರ್ಥದ ಮಾತನ್ನೂ ಹೇಳಿತು. ಅದೇ ವರ್ಷ ಛತ್ತೀಸ್‌ಗಢದ ಜಶಪುರ ಜಿಲ್ಲೆಯ ಇನ್ನೊಬ್ಬ ಸರಪಂಚೆ. ಕಾಮಗಾರಿ ತಡವಾಯಿತು ಅನ್ನುವ ನೆಪ. ಅಲ್ಲೂ ತೆಗೆದ ಆದೇಶ ರದ್ದಾಯಿತು, ಸರ್ಕಾರ ಆಕೆಗೆ 1 ಲಕ್ಷ ರೂಪಾಯಿ ಕೊಡಬೇಕು ಅಂತ ಕೋರ್ಟ್ ಹೇಳಿತು. ಹಾಗಂತ ಈ ಎರಡು ತೀರ್ಪು ತೋರಿಸಿದ ಕೂಡಲೇ ನಿಮ್ಮ ಕಂಡಿಕೆ ಮಾಯವಾಗುವುದಿಲ್ಲ. ಅವರಿಬ್ಬರೂ ಸ್ವಂತವಾಗಿ ಕೆಲಸ ಮಾಡುತ್ತಿದ್ದವರು, ಅದಕ್ಕೇ ಬೇರೆಯವರಿಗೆ ಉರಿ. ನಿಮ್ಮದು ಬೇರೆ.

ಈಗ "ದೆಹಲಿಯ ಹೆಂಗಸರು ಎಸಿ ರೂಮಲ್ಲಿ ಮಾಡಿದ ಕಾನೂನು" ಅನ್ನುವುದಕ್ಕೆ. ಇದನ್ನು ಹೇಳಿದವರಿಗೆ ನಮ್ಮ ರಾಜ್ಯದ ಕಥೆಯೇ ಗೊತ್ತಿಲ್ಲ ಅನ್ನಬೇಕು. ಪಂಚಾಯಿತಿಯಲ್ಲಿ ಹೆಂಗಸರಿಗೆ ದೊಡ್ಡ ಮಟ್ಟದಲ್ಲಿ ಸೀಟು ಮೀಸಲಿಟ್ಟಿದ್ದು ದೆಹಲಿಗಿಂತ ಮೊದಲು ಕರ್ನಾಟಕ. ರಾಮಕೃಷ್ಣ ಹೆಗಡೆ ಸರ್ಕಾರ 1983ರಲ್ಲಿ ಕಾಯಿದೆ ಪಾಸು ಮಾಡಿತು, ರಾಷ್ಟ್ರಪತಿ ಅಂಕಿತ ಬೀಳಲು 1985 ಆಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಹಿಂದೆ ನಿಂತವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್, ಊರೂರಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಅಂತ ಹೆಸರಾದವರು. ಆಗ ಹೆಂಗಸರಿಗೆ 25 ಶೇಕಡಾ. ಮಂಡಲ ಪಂಚಾಯಿತಿಗಳಿಗೆ (ಈಗಿನ ಗ್ರಾಮ ಪಂಚಾಯಿತಿಗಳ ಹಿಂದಿನ ರೂಪ) ಸುಮಾರು 14 ಸಾವಿರ ಹೆಂಗಸರು ಒಂದೇ ಸಲ ಬಂದರು. ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ, 1993ರ ಏಪ್ರಿಲ್ 24ರಿಂದ. ಅದರಲ್ಲಿ ಮೂರನೇ ಒಂದು ಪಾಲು, ಸದಸ್ಯರ ಸೀಟು ಮಾತ್ರ ಅಲ್ಲ, ಅಧ್ಯಕ್ಷರ ಕುರ್ಚಿಯೂ. ನಮ್ಮಲ್ಲಿ ಅದು 2010ರಲ್ಲಿ ಅರ್ಧಕ್ಕೆ ಏರಿತು. ನೀವು ಕೂತಿರುವ ಕುರ್ಚಿ ಹೀಗೆ ಬಂದದ್ದು.

ಇನ್ನೊಂದು ತಮಾಷೆ ಹೇಳಲಾ? ದೆಹಲಿಯ ಮಹಿಳಾ ಚಳವಳಿಯವರಲ್ಲೇ ಬಹಳ ಜನ ಮೊದಲು ಮೀಸಲಾತಿ ಬೇಡ ಅಂದವರು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನ ಸಭೆಗೆ ನಿಂತು ಸ್ವಲ್ಪದರಲ್ಲಿ ಸೋತರು. ಆಗ ಮೀಸಲಾತಿಯೂ ಇರಲಿಲ್ಲ, ಏನೂ ಇರಲಿಲ್ಲ. 1930ರ ದಶಕದಲ್ಲಿ ಬ್ರಿಟಿಷರು ಹೆಂಗಸರಿಗೆ ಸೀಟು ಮೀಸಲಿಡುತ್ತೇವೆ ಅಂದಾಗ ದೊಡ್ಡ ದೊಡ್ಡ ಮಹಿಳಾ ಸಂಘಟನೆಗಳು "ನಮಗೆ ರಿಯಾಯಿತಿ ಬೇಡ, ಎಲ್ಲರಿಗೂ ಸಮಾನ ಮತದಾನ ಕೊಡಿ" ಅಂದವು. ಸಂವಿಧಾನ ಸಭೆಯಲ್ಲಿ ರೇಣುಕಾ ರೇ ಕೂಡ ಮೀಸಲಾತಿ ವಿರುದ್ಧವೇ ಮಾತಾಡಿದರು. 1974ರಲ್ಲಿ ಹೆಂಗಸರ ಸ್ಥಿತಿಗತಿ ನೋಡಲು ಮಾಡಿದ ಸಮಿತಿ ವರದಿ ಕೊಟ್ಟಾಗಲೂ, ಶಾಸನ ಸಭೆಗಳಲ್ಲಿ ಮೀಸಲಾತಿ ಬೇಡ ಅಂತಲೇ ಹೆಚ್ಚಿನವರ ಅಭಿಪ್ರಾಯ. ಸಮಿತಿಯಲ್ಲೇ ಇದ್ದ ಲತಿಕಾ ಸರ್ಕಾರ್, ವೀಣಾ ಮಜುಮ್ದಾರ್ ಒಪ್ಪದೆ ಬೇರೆ ಟಿಪ್ಪಣಿ ಬರೆದರು. ಇಷ್ಟು ವರ್ಷ ಓಟಿನ ಹಕ್ಕು ಇದ್ದೂ ಹೆಂಗಸರು ಒಳಗೆ ಬರಲಿಲ್ಲವಲ್ಲ ಅನ್ನುವುದು ಅವರ ವಾದ. ಆಮೇಲೆ ಚಳವಳಿಯ ಮನಸ್ಸು ಬದಲಾದದ್ದು ಹಳ್ಳಿಗಳಲ್ಲಿ ಗೆದ್ದ ನಿಮ್ಮಂಥವರನ್ನು ನೋಡಿದ ಮೇಲೆಯೂ ಹೌದು. ಸಂಸತ್ತು ಮತ್ತು ವಿಧಾನಸಭೆಗೆ ಮೂರನೇ ಒಂದು ಪಾಲು ಕೊಡುವ 106ನೇ ತಿದ್ದುಪಡಿ ಪಾಸಾದದ್ದು 2023ರಲ್ಲಿ, ಅದೂ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಅನ್ನುವ ಷರತ್ತಿನೊಂದಿಗೆ. ಈ ವಿಷಯದಲ್ಲಿ ಹಳ್ಳಿ ಮುಂದೆ, ದೆಹಲಿ ಹಿಂದೆ.

ಹಳ್ಳಿಗೆ ಒಗ್ಗಿತಾ ಅಂದರೆ, ಅದನ್ನು ಅಳೆದು ನೋಡಿದವರಿದ್ದಾರೆ. ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೊ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನು ನೋಡಿ 2004ರಲ್ಲಿ ಬರೆದರು. ಮುಖ್ಯಸ್ಥರ ಕುರ್ಚಿ ಹೆಂಗಸರಿಗೆ ಮೀಸಲಾದ ಕಡೆ ಕುಡಿಯುವ ನೀರಿನ ಕೆಲಸ ಜಾಸ್ತಿ ಆಗಿತ್ತು. ಹೆಂಗಸರು ಏನು ಬೇಕು ಅಂತ ದೂರುತ್ತಿದ್ದರೋ ಅದೇ. ಬಂಗಾಳದಲ್ಲೇ ಇನ್ನೊಂದು ಅಧ್ಯಯನ ನಡೆಯಿತು. ಎರಡು ಅವಧಿ ಹೆಂಗಸರಿಗೆ ಮೀಸಲಾಗಿದ್ದ ಕಡೆ, ಆಮೇಲೆ ಮೀಸಲಾತಿ ಇಲ್ಲದ ಸೀಟಿನಲ್ಲೂ ಹೆಂಗಸರು ನಿಂತು ಗೆಲ್ಲುವುದು ಹೆಚ್ಚಾಗಿತ್ತು. ದಕ್ಷಿಣ ರಾಜ್ಯಗಳನ್ನು ನೋಡಿದ ಅಧ್ಯಯನವೂ ಒಂದಿದೆ, ಅದು ಅಷ್ಟೇನೂ ಹೊಗಳುವುದಿಲ್ಲ. ಹೆಂಗಸರು ನಡೆಸಿದ ಪಂಚಾಯಿತಿಗೂ ಗಂಡಸರು ನಡೆಸಿದ್ದಕ್ಕೂ ಅಂಥ ವ್ಯತ್ಯಾಸವಿಲ್ಲ, ರಾಜಕೀಯದ ಅನುಭವ ಇದ್ದ ಹೆಂಗಸರು ಚೆನ್ನಾಗಿ ಮಾಡಿದರು, ಮೇಲ್ಜಾತಿಯವರ ಹಿಡಿತ ಬಿಗಿಯಿದ್ದ ಊರುಗಳಲ್ಲಿ ಕಷ್ಟಪಟ್ಟರು ಅನ್ನುತ್ತದೆ. ನನ್ನ ಅನುಭವವೂ ಹೆಚ್ಚುಕಡಿಮೆ ಹೀಗೇ. ಸೋತದ್ದು ಮೀಸಲಾತಿ ಅಲ್ಲ. ಎರಡೂವರೆ ವರ್ಷದ ಅಧ್ಯಕ್ಷಗಿರಿಯಲ್ಲಿ ಕೆಲಸ ಕಲಿಯುವಷ್ಟರಲ್ಲಿ ಅವಧಿ ಮುಗಿಯುತ್ತದೆ, ಮುಂದಿನ ಸಲ ವಾರ್ಡು ಬೇರೆ ವರ್ಗಕ್ಕೆ ಹೋಗುತ್ತದೆ, ಕಲಿತದ್ದು ಮನೆಗೆ. ಈ ಏರ್ಪಾಡನ್ನು ನಾನು ಹೊಗಳಲಾರೆ.

ಸರಿ, ಏನು ಮಾಡಬಹುದು?

ಸುಮ್ಮನಿರುವುದು ಒಂದು ದಾರಿ. ಮೈದುನ ಹೇಳುವುದು ಇದನ್ನೇ. ಮನೆಯಲ್ಲಿ ಜಗಳ ಇರುವುದಿಲ್ಲ. ಆದರೆ ಮುಂದಿನ ಪ್ರತಿ ಸಹಿಯೂ ನಿಮ್ಮ ಲೆಕ್ಕಕ್ಕೇ ಸೇರುತ್ತಾ ಹೋಗುತ್ತದೆ, ಆಕ್ಷೇಪಣೆ ಬಂದ ಮೇಲೂ ಬದಲಾಗಲಿಲ್ಲ ಅನ್ನುವುದು ಗೊತ್ತಿರಲಿಲ್ಲ ಅನ್ನುವ ನಿಮ್ಮ ಮಾತನ್ನು ಪೂರ್ತಿ ಮುಳುಗಿಸುತ್ತದೆ. ಇದು ಬೇಡ.

ರಾಜೀನಾಮೆ. ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಡುವುದಾದರೆ ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಸಾಹೇಬರಿಗೆ ಬರೆದು ಕೊಡಬೇಕು. ಹತ್ತು ದಿನದೊಳಗೆ ಮನಸ್ಸು ಬದಲಾದರೆ ವಾಪಸ್ ತೆಗೆದುಕೊಳ್ಳಬಹುದು, ಇಲ್ಲದಿದ್ದರೆ ಜಾರಿಯಾಗುತ್ತದೆ. ಹಳೆಯ ಸಹಿಗಳ ಹೊಣೆ ಮಾತ್ರ ಇದರಿಂದ ಹೋಗುವುದಿಲ್ಲ. ಮೇಲಾಗಿ ಕುರ್ಚಿ ಬಿಟ್ಟ ಮೇಲೆ ಕಡತ ನೋಡುವ ಅಧಿಕಾರವೂ ಹೋಯಿತು. ಆಮೇಲೆ ನಿಮ್ಮದೇ ಕಾಲದ ಕಾಗದಕ್ಕೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಮೂವತ್ತು ದಿನ ಕಾಯಬೇಕು. ಆರೋಗ್ಯವೋ ಪ್ರಾಣಭಯವೋ ಇದ್ದರೆ ರಾಜೀನಾಮೆ ಕೊಡಿ, ತಪ್ಪೇನಿಲ್ಲ. ಬರೀ ಆಡಿಟ್ ಭಯಕ್ಕೆ ಬೇಡ. ಕೊಡುವುದೇ ಆದರೂ ಎಲ್ಲ ಕಾಗದದ ನಕಲು ಕೈಗೆ ಬಂದ ಮೇಲೆ.

ನೇರ ದೂರು ಇನ್ನೊಂದು ದಾರಿ. ತಾಲ್ಲೂಕು ಪಂಚಾಯಿತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿ), ಜಿಲ್ಲಾ ಪಂಚಾಯಿತಿ ಸಿಇಒಗೆ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಎಲ್ಲ ಬರೆದುಬಿಡುವುದು. ಎರಡು ಬಿಲ್ಲು ನಿಜ ಅಂತ ನಿಮಗೇ ಖಾತ್ರಿಯಾದರೆ ಇದು ಬೇಕೇ ಬೇಕು. ಅಪಾಯ ಎರಡು. ಮನೆಯಲ್ಲಿ ಬಿರುಗಾಳಿ ಏಳುತ್ತದೆ. ಪಂಚಾಯಿತಿಯಲ್ಲಿ ಅವಿಶ್ವಾಸದ ಮಾತು ಶುರುವಾಗುತ್ತದೆ. ಅವಿಶ್ವಾಸಕ್ಕೆ ಮಾತ್ರ ಅಷ್ಟು ಹೆದರಬೇಡಿ. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಜನ ನೋಟಿಸಿಗೆ ಸಹಿ ಹಾಕಬೇಕು, ಪಾಸಾಗಲು ಒಟ್ಟು ಸದಸ್ಯರ ಮೂರನೇ ಎರಡು ಪಾಲು ಬೇಕು, ಆಯ್ಕೆಯಾದ ಮೊದಲ ಒಂದಷ್ಟು ತಿಂಗಳು ತರುವಂತೆಯೇ ಇಲ್ಲ. ಪಾಸಾದರೂ ಹೋಗುವುದು ಅಧ್ಯಕ್ಷಗಿರಿ, ಸದಸ್ಯತ್ವ ಅಲ್ಲ.

ನಾನು ಹೇಳುವುದು ಇವಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಸಹಿ ನಿಧಾನ ಮಾಡಿ. ಕುರ್ಚಿಯ ನಿಜವಾದ ಶಕ್ತಿ ಇರುವುದು ಅಲ್ಲೇ, ಅದನ್ನು ಮೈದುನ ನಿಮಗಿಂತ ಮೊದಲೇ ಅರ್ಥ ಮಾಡಿಕೊಂಡಿದ್ದಾನೆ. ನಿಮ್ಮ ಸಹಿ ಇಲ್ಲದೆ ಒಂದು ರೂಪಾಯಿ ಹೊರಗೆ ಹೋಗಬಾರದು ಅಂತ ಇಟ್ಟಿರುವುದು ಇದಕ್ಕೇ. ಡೋಂಗಲ್ ವಾಪಸ್ ಕೇಳಿ. ಕೊಟ್ಟರೆ ಸರಿ, ಅವತ್ತೇ ಪಾಸ್‌ವರ್ಡ್ ಬದಲಾಯಿಸಿ. ಕೊಡದಿದ್ದರೆ "ನನ್ನ ಡಿಜಿಟಲ್ ಸಹಿ ನನ್ನ ವಶದಲ್ಲಿಲ್ಲ, ಅದನ್ನು ರದ್ದು ಮಾಡಿ ಹೊಸದು ಕೊಡಿಸಿ" ಅಂತ ಪಿಡಿಒಗೆ ಒಂದು ಪತ್ರ, ಇಒಗೆ ಅದರ ಪ್ರತಿ. ಯಾರ ಮೇಲೂ ಆರೋಪ ಬೇಡ, ಹೆಸರೂ ಬೇಡ. ಕಚೇರಿಯ ಸ್ವೀಕೃತಿ ಸೀಲು, ತಾರೀಖು ಹಾಕಿಸಿಕೊಂಡ ನಕಲು ನಿಮ್ಮ ಹತ್ತಿರ ಇರಲಿ. ಆ ಒಂದು ತಾರೀಖು ಮುಂದೆ ನಿಮ್ಮನ್ನು ಬಹಳ ಕಾಪಾಡುತ್ತದೆ.

ಇನ್ನು ಮೇಲೆ ಫೈಲು ಮನೆಗೆ ಬಂದರೆ, "ಕಚೇರಿಗೆ ಬರ್ತೀನಿ, ಅಲ್ಲೇ ನೋಡ್ತೀನಿ" ಅನ್ನಿ. ಜಗಳ ಬೇಡ, ಅಷ್ಟೇ ಮಾತು. ವಾರದಲ್ಲಿ ಎರಡು ದಿನ ಗೊತ್ತು ಮಾಡಿಕೊಂಡು ಹೋಗಿ ಕೂತರೆ ಸಾಕು. ನೀರುಗಂಟಿಗೂ ಬಿಲ್ ಕಲೆಕ್ಟರಿಗೂ ಅಧ್ಯಕ್ಷರು ಬರುತ್ತಾರೆ ಅನ್ನುವುದು ರೂಢಿಯಾಗಲಿ. ಓದದೆ ಸಹಿ ಬೇಡ. ಅರ್ಥವಾಗದಿದ್ದರೆ ಕಡತದಲ್ಲೇ "ವಿವರ ಮಂಡಿಸಿ" ಅಂತ ಬರೆದು ತಾರೀಖು ಹಾಕಿ. ಎಸ್ಸೆಸ್ಸೆಲ್ಸಿ ಓದಿದವರಿಗೆ ಇದು ಕಷ್ಟವಲ್ಲ. ನಡಾವಳಿಯಲ್ಲಿ ಕೊನೆಯ ಠರಾವಿನ ಕೆಳಗೇ, ಒಂದು ಗೆರೆಯೂ ಬಿಡದೆ ಸಹಿ ಹಾಕಿ. ಖಾಲಿ ಲೆಟರ್‌ಹೆಡ್ಡಿಗೆ, ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟಿದ್ದರೆ ಚೆಕ್ಕಿನ ನಂಬರ್ ಹಿಡಿದು ಬ್ಯಾಂಕಿಗೆ ಹೇಳಿ ತಡೆಸಿ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯಿಂದ ತರಬೇತಿ ಇದ್ದರೆ ನೀವೇ ಹೋಗಿ. ಹಾಜರಿ ಹಾಕಿ ಮೈದುನನನ್ನು ಕೂರಿಸುವುದು ಬೇಡ. ಅಲ್ಲಿ ಬೇರೆ ಅಧ್ಯಕ್ಷೆಯರ ಫೋನ್ ನಂಬರ್ ಸಿಗುತ್ತದೆ. ಪಕ್ಕದ ಪಂಚಾಯಿತಿಯ ಅನುಭವಿ ಅಧ್ಯಕ್ಷೆ ಐದು ನಿಮಿಷದ ಫೋನಿನಲ್ಲಿ ಹೇಳಿಕೊಡುವುದನ್ನು ನಾವು ತರಬೇತಿಯವರು ಎರಡು ದಿನ ಪಾಠ ಮಾಡಿದರೂ ಹೇಳಿಕೊಡಲು ಆಗುವುದಿಲ್ಲ.

ಮನೆಯ ವಿಷಯ ಕೊನೆಗೆ ಇಟ್ಟಿದ್ದೇನೆ, ಆದರೆ ನಿಮಗೆ ದೊಡ್ಡದು ಅದೇ ಅಂತ ಗೊತ್ತು. ಗಂಡ ಮಾತಾಡುವುದಿಲ್ಲ ಅಂದಿದ್ದೀರಿ. ಒಮ್ಮೆ ಆಡಿಟ್ ಪತ್ರ ಅವರ ಕೈಗೇ ಕೊಟ್ಟು, ವಸೂಲಿ ಬಂದರೆ ಕಟ್ಟಬೇಕಾದವಳು ನಾನು, ಹೊರೆ ಬೀಳುವುದು ನಿಮ್ಮ ಮನೆ ಮೇಲೆ ಅಂತ ಲೆಕ್ಕದ ಮಾತಿನಲ್ಲಿ ಹೇಳಿ. ಹಕ್ಕಿನ ಮಾತಿಗೆ ಕರಗದ ಗಂಡಂದಿರು ಸಾಲದ ಮಾತಿಗೆ ಎದ್ದು ಕೂರುವುದನ್ನು ನೋಡಿದ್ದೇನೆ. ಬೆದರಿಕೆ ಹಾಕಿದರೆ, ಕೈ ಮಾಡಿದರೆ, ಗೌರವಧನದ ಎಟಿಎಂ ಕಾರ್ಡನ್ನೂ ಕಿತ್ತಿಟ್ಟುಕೊಂಡರೆ ಅದಕ್ಕೆ ಬೇರೆ ಕಾನೂನಿದೆ. ಮಹಿಳಾ ವಕೀಲರು, ಸಂಘಟನೆಗಳು ವರ್ಷಗಟ್ಟಲೆ ಬೆನ್ನು ಬಿದ್ದು ತಂದ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ. ಹೊಡೆತ ಮಾತ್ರವಲ್ಲ, ನಿಮ್ಮ ದುಡ್ಡು ನಿಮಗೆ ಸಿಗದಂತೆ ಮಾಡುವುದನ್ನೂ ಅದು ದೌರ್ಜನ್ಯ ಅನ್ನುತ್ತದೆ. ಗಂಡನ ಮೇಲೆ ಮಾತ್ರವಲ್ಲ, ಒಂದೇ ಮನೆಯಲ್ಲಿರುವ ಮೈದುನನ ಮೇಲೂ ಅರ್ಜಿ ಹಾಕಬಹುದು. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಸಂರಕ್ಷಣಾಧಿಕಾರಿ ಸಿಗುತ್ತಾರೆ, ತುರ್ತಿಗೆ 181 ಸಹಾಯವಾಣಿ ಇದೆ. ಇದನ್ನು ಮೊದಲ ಹೆಜ್ಜೆಯಾಗಿ ಇಡಿ ಅನ್ನುತ್ತಿಲ್ಲ. ಹೀಗೊಂದು ಬಾಗಿಲಿದೆ ಅಂತ ಗೊತ್ತಿರಲಿ. ನೀವು ಪತ್ರ ಕೊಡುವ ದಿನ ತವರಿನ ಒಬ್ಬರಿಗಾದರೂ ವಿಷಯ ತಿಳಿದಿರಲಿ.

ಅನುಪಾಲನಾ ವರದಿಗೆ ಎಷ್ಟು ದಿನ ಗಡುವು ಕೊಟ್ಟಿದ್ದಾರೆ ಅಂತ ಇವತ್ತೇ ನೋಡಿ. ಕಡಿಮೆ ದಿನ ಉಳಿದಿದ್ದರೆ, ದಾಖಲೆ ಪರಿಶೀಲಿಸಬೇಕು ಅಂತ ಕಾರಣ ಕೊಟ್ಟು ಸಮಯ ಕೇಳಿ ಬರೆಯಿರಿ. ಪಿಡಿಒ ಟೈಪ್ ಮಾಡಿ ತಂದ ಉತ್ತರಕ್ಕೆ ಸಹಿ ಹಾಕುವ ಮೊದಲು ಎರಡೂ ಅಳತೆ ಪುಸ್ತಕದ ಪುಟಗಳ ನಕಲನ್ನು ನಿಮ್ಮ ವಕೀಲರಿಗೆ ತೋರಿಸಿ. ಆ ಉತ್ತರದಲ್ಲಿ "ಅಧ್ಯಕ್ಷರ ಸಮಕ್ಷಮ ಪರಿಶೀಲಿಸಲಾಗಿದೆ" ಅನ್ನುವ ಸಾಲು ಇದ್ದು, ನೀವು ನಿಜವಾಗಿ ಪರಿಶೀಲಿಸಿಲ್ಲದಿದ್ದರೆ, ಆ ಸಾಲು ಹೊಡೆದು ಹಾಕಿಸಿ, ಆಮೇಲೆ ಸಹಿ.